ನೊರೆಯುಕ್ಕುವ ವೈನ್ ಮತ್ತು ಸಣ್ಣ ಬೆಳೆಗಾರ

ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿದ್ದು 2007ರಲ್ಲಿ. ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯನ್ನೂ ಅದು ಗುರುತಿಸಿತು. ಪ್ರತ್ಯೇಕ ಮಂಡಳಿಯೂ ಹುಟ್ಟಿತು. ವಿಜಯಪುರದ ಪಕ್ಕದ ತೊರವಿಯಲ್ಲಿ ವೈನ್ ಪಾರ್ಕ್ ಸ್ಥಾಪಿಸುವ ಮಾತಂತೂ ಕೇಳಿ ಕೇಳಿ ಹಳತಾಗಿದೆ. ಇಷ್ಟಾದರೂ ಜಿಲ್ಲೆಯ ಹಣ್ಣಿನ ಬಹುಪಾಲು ಒಣದ್ರಾಕ್ಷಿಯಾಗುತ್ತಿದೆ. ಸುಮಾರು ನಾಲ್ಕು ಕಿಲೊ ಹಣ್ಣು ಒಣಗಿದರೆ ಒಂದು ಕಿಲೊ ಸಿಗುತ್ತದೆ. ಅದರಲ್ಲಿ ಬಹಳಷ್ಟು ತಾಸಗಾಂವ, ಸಾಂಗ್ಲಿಯ ಪೇಟೆಗೆ ಹೋಗಿ ಅಲ್ಲಿ ಕೂಗಿದ ದರಕ್ಕೆ ತಲೆಬಾಗುತ್ತದೆ. ಒಣಗಿಸುವ ಹೊತ್ತಿಗೆ ಮಳೆ ಬಿದ್ದರೆ ಆ ದರವೂ ಇಲ್ಲ.

ದರವನ್ನು ಕೊಳ್ಳುವವನೇ ನಿರ್ಧರಿಸುವ ಈ ಕಷ್ಟ ಫ್ರಾನ್ಸಿನ ಷಾಂಪೇನ್ ಸೀಮೆಗೂ ಹೊಸತಲ್ಲ. ವರ್ತಕರು ಹೊರಗಿನ ಅಗ್ಗದ ದ್ರಾಕ್ಷಿ ತರಿಸುತ್ತಾರೆಂದು ಸಿಟ್ಟಿಗೆದ್ದ ಬೆಳೆಗಾರರು 1911ರಲ್ಲಿ ಅವರ ನೆಲಮಾಳಿಗೆಗಳಿಗೆ ನುಗ್ಗಿದರು, ಸೈನ್ಯವನ್ನು ಕರೆಸಬೇಕಾಯಿತು. ಇಂದಿಗೂ ಅಲ್ಲಿನ ತೋಟಗಳಲ್ಲಿ ಸುಮಾರು ಶೇ 90ರಷ್ಟು ಬೆಳೆಗಾರರ ಕೈಯಲ್ಲಿವೆ, ಮಾರಾಟದ ಹೆಚ್ಚಿನ ಪಾಲು ಮಾತ್ರ ದೊಡ್ಡ ಕಂಪನಿಗಳದು. ಆದರೆ ತಾನೇ ಬೆಳೆದ ಹಣ್ಣಿನಿಂದ ತಾನೇ ವೈನ್ ತಯಾರಿಸುವ ಕುಟುಂಬಗಳೂ ಅಲ್ಲಿ ಸಾವಿರಾರಿವೆ. ಅವರ ಸೀಸೆಯ ಚೀಟಿಯಲ್ಲಿ ‘ಆರ್‌ಎಂ’ ಎಂಬ ಎರಡು ಅಕ್ಷರಗಳಿರುತ್ತವೆ. ಬೆಳೆದವನೇ ಮಾಡಿದವನು ಎಂಬುದಕ್ಕೆ ಅದು ಗುರುತು. ಗ್ರಾಹಕರು ಅದನ್ನು ಹುಡುಕಿ ಕೊಳ್ಳುತ್ತಾರೆ.

ಅದೇ ದಾರಿ ನಮಗೇಕೆ ಸುಲಭವಲ್ಲ? ಸಿಂದಗಿಯಿಂದ ಜೇವರ್ಗಿಯತ್ತ ಸಾಗುವ ದಾರಿಯ ಮೋರಟಗಿಯನ್ನೇ ತೆಗೆದುಕೊಳ್ಳಿ. ಜೋಳ, ತೊಗರಿ, ಹತ್ತಿಯ ಎರೆಭೂಮಿ. ಅಲ್ಲಿನ ಒಂದು ಕುಟುಂಬ ಮೂರು ಎಕರೆಯಲ್ಲಿ ಶೆನಿನ್ ಬ್ಲಾಂಕ್ ತಳಿ ಹಚ್ಚಿತೆನ್ನೋಣ. ಬಳ್ಳಿ ಫಲಕ್ಕೆ ಬರಲು ಎರಡು ಮೂರು ವರ್ಷ ಬೇಕು. ಹುಳಿ ಉಳಿಯಲೆಂದು ಹಣ್ಣನ್ನು ಬೇಗ ಕೊಯ್ಯಬೇಕು. ಮೊದಲ ಹುದುಗು ಮುಗಿದ ವೈನಿಗೆ ಸಕ್ಕರೆ, ಯೀಸ್ಟ್ ಬೆರೆಸಿ ಸೀಸೆಯಲ್ಲೇ ಮತ್ತೊಮ್ಮೆ ಹುದುಗಿಸಿದಾಗ ನೊರೆ ಹುಟ್ಟುತ್ತದೆ. ಷಾಂಪೇನ್ ನಿಯಮದಂತೆ ಆ ಸೀಸೆಗಳು ಕನಿಷ್ಠ 15 ತಿಂಗಳು ಕದಲದೆ ಮಲಗಿರಬೇಕು. ಅದೂ ಹತ್ತು ಹನ್ನೆರಡು ಡಿಗ್ರಿ ತಂಪಿನಲ್ಲಿ. ಅಲ್ಲಿ ಸುಣ್ಣಕಲ್ಲಿನ ಗುಹೆಗಳು ಈ ತಂಪನ್ನು ಪುಕ್ಕಟೆ ಕೊಡುತ್ತವೆ. ಇಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ವಿದ್ಯುತ್ತಿನ ಬಿಲ್ಲು ರೈತನ ಹೆಸರಿಗೇ ಬರುತ್ತದೆ. ಮಣ್ಣಿಗಿಂತಲೂ ತಂಪು ಮತ್ತು ಕಾಯುವ ಶಕ್ತಿ ಇಲ್ಲಿನ ನಿಜವಾದ ಕೊರತೆ.

ಆದ್ದರಿಂದ ವೈನ್ ಪಾರ್ಕ್ ಎಂಬ ಭಾರಿ ಯೋಜನೆಯ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ. ಉದ್ಯಮಿಗೆ ನಿವೇಶನ, ರೈತನಿಗೆ ಮತ್ತೆ ಹಣ್ಣು ತೂಗುವ ಕೆಲಸ ಎಂಬಂತಾದರೆ ಸಾಂಗ್ಲಿಯ ಬದಲು ತೊರವಿ, ಅಷ್ಟೇ ವ್ಯತ್ಯಾಸ. ನಾಸಿಕ್ ಸೀಮೆಯಲ್ಲಿ 2008ರ ಆರ್ಥಿಕ ಕುಸಿತದ ಬಳಿಕ ವೈನರಿಗಳು ಹಣ್ಣು ಕೊಳ್ಳದೆ ಹೋದಾಗ ರೈತರು ವೈನ್ ಬಳ್ಳಿಗಳನ್ನೇ ಕಿತ್ತುಹಾಕಿದರು. ಆ ತಳಿಯ ಹಣ್ಣನ್ನು ತಿನ್ನಲು ಮಾರುವುದೂ ಕಷ್ಟ.

ಹಳ್ಳಿಗೆ ಮದ್ಯ ತರುವ ಮಾತೇಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಸಾರಾಯಿಯಿಂದ ಮನೆ ಹಾಳಾದ ಹೆಣ್ಣುಮಕ್ಕಳು ಅದನ್ನು ಎತ್ತಿದರೆ ತಳ್ಳಿಹಾಕುವಂತಿಲ್ಲ. ಆದರೆ ವರ್ಷಗಟ್ಟಲೆ ಕಾಯ್ದು ಮಾರುವ ಈ ದುಬಾರಿ ಸೀಸೆಯ ಗಿರಾಕಿ ಬೆಂಗಳೂರಿನಲ್ಲಿದ್ದಾನೆ, ಮೋರಟಗಿಯಲ್ಲಲ್ಲ.

ಹೋಬಳಿಗೊಂದು ಸಾಮೂಹಿಕ ಗಾಣ, ಬಾಡಿಗೆಗೆ ದೊರೆಯುವ ಶೀತಲ ನೆಲಮಾಳಿಗೆ, ಅಲ್ಲಿಟ್ಟ ಸೀಸೆಗಳನ್ನೇ ಅಡವಿಟ್ಟುಕೊಂಡು ಸಹಕಾರಿ ಬ್ಯಾಂಕ್ ಕೊಡುವ ಸಾಲ: ಮಂಡಳಿ ಇವಿಷ್ಟರ ಅಂದಾಜುಪಟ್ಟಿಯನ್ನು ಸಿದ್ಧಪಡಿಸಲಿ. ಅಕ್ಟೋಬರ್ ಚಾಟ್ನಿಗೆ ಮೊದಲೇ ಅದು ರೈತರ ಕೈಸೇರಬೇಕು. ಯಾವ ತಳಿ ಹಚ್ಚಬೇಕು, ಹಚ್ಚಬೇಕೋ ಬೇಡವೋ ಎಂಬುದನ್ನು ಅವರು ಆಮೇಲೆ ನಿರ್ಧರಿಸುತ್ತಾರೆ.