ಮೇಷ್ಟ್ರು ಸಂತೇಲಿ ಸಿಕ್ಕರೆ ಯಾರ ಗಂಟು ಹೋಗುತ್ತೆ?

ಮೊನ್ನೆ ಚನ್ನಗಿರಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಎದುರಿನ ಪಂಕ್ತಿಯಲ್ಲಿ ಹೈಸ್ಕೂಲ್ ಮೇಷ್ಟ್ರೊಬ್ಬರು ತಮ್ಮ ಕ್ಲಾಸಿನ ಹುಡುಗರ ಜೊತೆ ನಗ್ತಾ ಊಟ ಮಾಡ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರಿಗೆ ಅದು ಸರಿಬರಲಿಲ್ಲ. "ಮೇಷ್ಟ್ರು ಅಂದ್ಮೇಲೆ ಒಂದು ಅಂತರ ಇರಬೇಕಪ್ಪ. ಹಿಂಗೆ ಹಲ್ಲು ಕಿರಿದರೆ ನಾಳೆ ಯಾರು ಮರ್ಯಾದೆ ಕೊಡ್ತಾರೆ?" ಅಂದ್ರು. ಬಾಯಲ್ಲಿ ಹೋಳಿಗೆ ಇತ್ತು, ಉತ್ತರ ಕೊಡೋಕಾಗಲಿಲ್ಲ. ಈಗ ಕೊಡ್ತೀನಿ.

ಅಂತರ ಬೇಕು ಅನ್ನೋರಿಗೆ ಒಂದು ಸಿಹಿಸುದ್ದಿ. ಅದು ಆಗಲೇ ಇದೆ, ಅದೂ ಕಿಲೋಮೀಟರ್ ಲೆಕ್ಕದಲ್ಲಿ! ನಮ್ಮ ತಾಲ್ಲೂಕು 1997ರಲ್ಲಿ ಶಿವಮೊಗ್ಗ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿತು. ಮೇಷ್ಟ್ರುಗಳು ಮಾತ್ರ ಎರಡೂ ಕಡೆಯಿಂದ ಬಸ್ಸಲ್ಲಿ ಬರ್ತಾರೆ. ಸಂಜೆ ಬೆಲ್ ಹೊಡೆದ ಮೇಲೆ ಬಸ್ ಹಿಡಿಯೋದೇ ಅವರಿಗೆ ದೊಡ್ಡ ಪರೀಕ್ಷೆ. ಅವರನ್ನ ಬೈಯಲ್ಲ. ಮಕ್ಕಳ ಕಾಲೇಜು, ಸಂಗಾತಿಯ ನೌಕರಿ, ವಯಸ್ಸಾದ ಅಪ್ಪ ಅಮ್ಮ... ನೂರೆಂಟು ಕಾರಣ ಇರುತ್ತೆ. ಆದರೆ ಇದರಿಂದ ನಾವು ಕಳ್ಕೊಂಡಿದ್ದೇನು ಅಂತಾದರೂ ಗೊತ್ತಿರಬೇಕಲ್ವಾ?

ನಾನು ಎಂಟನೇ ಕ್ಲಾಸಲ್ಲಿದ್ದಾಗ, ಅಡಿಕೆ ಕೊಯ್ಲು ಶುರುವಾಗೋದಕ್ಕೂ ನನ್ನ ಬೆಂಚಿನ ಗೆಳೆಯ ಶಾಲೆ ಬಿಡೋದಕ್ಕೂ ಸರಿಹೋಯ್ತು. ಹಾಜರಿ ಪುಸ್ತಕದಲ್ಲಿ ಸಾಲಾಗಿ ಗೈರು. ಒಂದು ದಿನ ಸಂತೆಯಲ್ಲಿ ನಮ್ಮ ಗಣಿತದ ಮೇಷ್ಟ್ರು ಬದನೆಕಾಯಿ ಚೌಕಾಸಿ ಮಾಡ್ತಿದ್ದಾಗ ಅವನ ಅಮ್ಮ ಎದುರಾದರು. ಮೇಷ್ಟ್ರ ಚೀಲ ಹಿಡ್ಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. "ರಾತ್ರಿಯೆಲ್ಲಾ ಅಡಿಕೆ ಸುಲಿಯಾಕೆ ಹೋಗ್ತಾನೆ ಸಾ, ಬೆಳಿಗ್ಗೆ ಏಳಾಕೇ ಆಗಲ್ಲ" ಅಂದರು ಆಯಮ್ಮ. ಮೇಷ್ಟ್ರು ಉಪದೇಶ ಮಾಡಲಿಲ್ಲ. "ಲೇಟಾದ್ರೂ ಪರವಾಗಿಲ್ಲ, ಕಳಿಸಿ. ನಾನು ಬೈಯಲ್ಲ" ಅಂದರು, ಅಷ್ಟೇ. ಸೋಮವಾರ ಅವನು ಬಂದ. ಎಸ್ಸೆಸ್ಸೆಲ್ಸಿ ಪಾಸೂ ಆದ.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮಿನ ಪ್ರಕಾರ ಶಿಕ್ಷಕರು ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಕೆ ಬಗ್ಗೆ ತಿಳಿಸಬೇಕು. ಒಳ್ಳೇದೇ. ಆದರೆ ದಿನದ ಕೂಲಿ ಬಿಟ್ಟು ಸಭೆಗೆ ಎಷ್ಟು ಜನ ಬರ್ತಾರೆ? ಸಂತೆಗೆ ಎಲ್ಲರೂ ಬರ್ತಾರೆ ಸ್ವಾಮಿ.

"ಸಲಿಗೆಯಿಂದ ಕೆಟ್ಟದ್ದೂ ಆಗುತ್ತಲ್ಲ?" ಅಂತ ನೀವು ಕೇಳಬಹುದು. ಖಂಡಿತ ಆಗುತ್ತೆ. 2012ರ ಪೋಕ್ಸೋ ಕಾಯ್ದೆ ಮಕ್ಕಳ ಮೇಲೆ ಶಾಲೆಯವರೇ ಎಸಗುವ ಲೈಂಗಿಕ ದೌರ್ಜನ್ಯವನ್ನ ಇನ್ನೂ ಗಂಭೀರ ಅಪರಾಧ ಅಂತ ಪರಿಗಣಿಸೋದು ಸುಮ್ಮನೆ ಅಲ್ಲ. ಆದರೆ ಅಂಥಾದ್ದಕ್ಕೆ ಬೇಕಿರೋದು ಮುಚ್ಚಿದ ಬಾಗಿಲು, ಸಂತೆ ಅಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಇಡೀ ಊರೇ ನೋಡ್ತಿರುತ್ತೆ. ನಮ್ಮಂಥ ಸಣ್ಣ ಊರಿನ ಈ ಕೆಟ್ಟ ಕುತೂಹಲವೇ ಇಲ್ಲಿ ಕಾವಲು. ನಾವೇನು ಮಾಡಿದ್ವಿ? ಎಲ್ಲರೆದುರು ಸಿಗೋದನ್ನ ಮರ್ಯಾದೆ ಹೆಸರಲ್ಲಿ ತಪ್ಪಿಸಿದ್ವಿ, ಯಾರಿಗೂ ಕಾಣದ ವಾಟ್ಸಾಪ್ ಮೆಸೇಜನ್ನ ಉಳಿಸ್ಕೊಂಡ್ವಿ.

ನನ್ನ ಜಗಳ ಇರೋದು ಬೇರೆ ಕಡೆ. ಅಡಿಕೆ ತೋಟದ ಸಾಹುಕಾರರ ಗೃಹಪ್ರವೇಶಕ್ಕೆ ಕುಟುಂಬ ಸಮೇತ ಬರೋ ಮೇಷ್ಟ್ರು, ಆ ತೋಟದಲ್ಲೇ ಕೂಲಿ ಮಾಡೋರ ಮನೆಯಿಂದ ಕರೆ ಬಂದರೆ "ಟೈಮಿಲ್ಲ" ಅಂತಾರೆ. ಅಲ್ಲಿ ಒಂದು ಲೋಟ ನೀರನ್ನೂ ಕುಡಿಯಲ್ಲ. ಯಾವ ಕೇರಿಗೆ ಮೇಷ್ಟ್ರು ಬರ್ತಾರೆ, ಯಾವ ಕೇರಿಗೆ ಬರಲ್ಲ ಅನ್ನೋ ಲೆಕ್ಕ ಮಕ್ಕಳಿಗೆ ಗಣಿತಕ್ಕಿಂತ ಮೊದಲೇ ಬರುತ್ತೆ. ಅಂತರ ಅಂದರೆ ಇದು ನೋಡಿ. ಹಿರಿಯರು ಬೈಯಬೇಕಿದ್ದರೆ ಇದನ್ನ ಬೈಯಲಿ.

ಇನ್ನು ಮರ್ಯಾದೆ ವಿಷಯ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದವರು. ದಶಕಗಟ್ಟಲೆ ಅವರ ವಾಸ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ, ಹುಡುಗರ ನಡುವೆಯೇ. 2005ರಲ್ಲಿ ತೀರಿಕೊಂಡ 'ಎಚ್ಚೆನ್' ಹೆಸರು ಹೇಳುವಾಗ ಅವರ ವಿದ್ಯಾರ್ಥಿಗಳ ದನಿ ಇವತ್ತಿಗೂ ಮೆತ್ತಗಾಗುತ್ತೆ. ಎಲ್ಲಿ ಕಮ್ಮಿಯಾಯ್ತು ಮರ್ಯಾದೆ?

ಮೇಷ್ಟ್ರೆಲ್ಲಾ ಊರಲ್ಲೇ ಮನೆ ಮಾಡಲಿ ಅಂತ ನಾನು ಹೇಳ್ತಿಲ್ಲ. ವಾರಕ್ಕೊಂದು ದಿನ, ಸಂತೆ ದಿನ, ಒಂದು ಬಸ್ ಬಿಟ್ಟು ಮುಂದಿನ ಬಸ್ ಹಿಡಿಯಿರಿ ಅಂತಿದೀನಿ. ಬದನೆಕಾಯಿ ಚೌಕಾಸಿ ಮಾಡಿ. ಯಾರಾದ್ರೂ ಒಬ್ಬ ಅಮ್ಮ ಎದುರಾಗ್ತಾರೆ.

ಏನಂತೀರಿ?