ಆಡದೆ ಬಿಟ್ಟ ಫೈನಲ್

1974ರಲ್ಲಿ ಭಾರತದ ಟೆನಿಸ್ ತಂಡ ಡೇವಿಸ್ ಕಪ್ ಫೈನಲ್ ತಲುಪಿತ್ತು. ವಿಜಯ್ ಮತ್ತು ಆನಂದ್ ಅಮೃತರಾಜ್ ಸೋದರರಿದ್ದ ತಂಡಕ್ಕೆ ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದ ನೀತಿಯ ದೇಶದೊಂದಿಗೆ ಆಡುವುದಿಲ್ಲವೆಂದು ಭಾರತ ಹಿಂದೆ ಸರಿಯಿತು. ಕಪ್ ಎದುರಾಳಿಯ ಪಾಲಾಯಿತು. ಭಾರತ ಇಂದಿಗೂ ಅದನ್ನು ಗೆದ್ದಿಲ್ಲ.

ಅದು ಏಕಾಏಕಿ ತಳೆದ ನಿಲುವಲ್ಲ. ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ, ಭಾರತ ಆ ದೇಶದೊಂದಿಗೆ ವ್ಯಾಪಾರ ನಿಲ್ಲಿಸಿ ವಿಶ್ವಸಂಸ್ಥೆಗೆ ದೂರು ಒಯ್ದಿತ್ತು. ಆಗಿನ ತಕರಾರು ಅಲ್ಲಿದ್ದ ಭಾರತೀಯ ಮೂಲದವರ ಹಕ್ಕುಗಳದ್ದು. 1952ರಲ್ಲಿ ಇನ್ನೂ 12 ದೇಶಗಳ ಜತೆ ಸೇರಿ ಇಡೀ ವರ್ಣಭೇದ ವ್ಯವಸ್ಥೆಯನ್ನೇ ಪ್ರಶ್ನಿಸಿತು. ನಮ್ಮವರಿಗಾಗಿ ಎತ್ತಿದ ದನಿ ಅಲ್ಲಿನ ಕಪ್ಪು ಬಹುಸಂಖ್ಯಾತರಿಗೂ ದಕ್ಕಿತು.

ರಾಷ್ಟ್ರೀಯತೆಗೂ ಅಂತರರಾಷ್ಟ್ರೀಯತೆಗೂ ಎಣ್ಣೆ-ಸೀಗೆಕಾಯಿ ಸಂಬಂಧ ಎನ್ನುವವರು ಈ ಇತಿಹಾಸವನ್ನು ಗಮನಿಸಬೇಕು.

ಈ ನಿಲುವು ಬರೀ ಆದರ್ಶವೂ ಆಗಿರಲಿಲ್ಲ. ಹೊಸದಾಗಿ ಸ್ವತಂತ್ರಗೊಂಡ ಆಫ್ರಿಕನ್ ದೇಶಗಳ ಸ್ನೇಹ ಭಾರತಕ್ಕೂ ಬೇಕಿತ್ತು. ಆದರೆ ನಿಲುವೇನು, ಏಕೆ ಎಂಬುದು ಜನರಿಗೆ ಸ್ಪಷ್ಟವಿತ್ತು. ಆ ಸ್ಪಷ್ಟತೆ ಇಂದೂ ಬೇಕು. 2022ರಲ್ಲಿ ಉಕ್ರೇನ್ ಮೇಲೆ ರಷ್ಯಾ ನಡೆಸಿದ ದಾಳಿ ಕುರಿತ ವಿಶ್ವಸಂಸ್ಥೆಯ ನಿರ್ಣಯಗಳ ಮೇಲೆ ಭಾರತ ಮತ ಹಾಕದೆ ಉಳಿಯಿತು. ರಷ್ಯಾದ ಅಗ್ಗದ ತೈಲ, ರಕ್ಷಣಾ ಸಾಮಗ್ರಿಯ ಅವಲಂಬನೆ ಕಾರಣವಿರಬಹುದು. ಅವು ಸಣ್ಣ ಕಾರಣಗಳೇನಲ್ಲ. ಅಂತಹ ಪ್ರತಿ ಸಂದರ್ಭದಲ್ಲೂ ಸರ್ಕಾರ ತನ್ನ ಲೆಕ್ಕಾಚಾರವನ್ನು ಸಂಸತ್ತಿನ ಮುಂದಿಟ್ಟು ಪೂರ್ಣಪ್ರಮಾಣದ ಚರ್ಚೆಗೆ ಅವಕಾಶ ಕೊಡಬೇಕು.