ಬಾಗಿಲಿಗೆ ತೂಗಿದ ಕೀಲಿಕೈ

ಮಕ್ಕಳೇ, ಮಸ್ಕಿಯ ಬಂಡೆಯ ಮೇಲೆ ಅಶೋಕ ಶಾಸನ ಬರೆಸಿದ್ದು ಎಲ್ಲರೂ ಓದಲಿ ಎಂದು. ಸಿಂಧನೂರಿನ ಭತ್ತದ ಅಂಗಡಿಯ ಲೆಕ್ಕ ಹಾಗಲ್ಲ. ಯಾವ ರೈತನ ಸಾಲ ಎಷ್ಟೆಂದು ಊರಿಗೆಲ್ಲ ತಿಳಿಯಬಾರದು.

ಇಂಥ ಲೆಕ್ಕವನ್ನು ಕಂಪ್ಯೂಟರಿನ ‘ಆಕ್ಸೆಸ್’ ಫೈಲಿನಲ್ಲಿಟ್ಟರೆ ಅದಕ್ಕೆ ಪಾಸ್‌ವರ್ಡ್ ಹಾಕಬಹುದು. ಪ್ರೋಗ್ರಾಮಿನಿಂದಲೇ ಬದಲಿಸಲು ‘ನ್ಯೂಪಾಸ್‌ವರ್ಡ್’ ಎಂಬ ಆಜ್ಞೆಯಿದೆ. ಅದಕ್ಕೆ ಹಳೆಯದು, ಹೊಸದು ಎರಡನ್ನೂ ಕೊಡಬೇಕು. ಆ ಹೊತ್ತಿಗೆ ಫೈಲನ್ನು ಬೇರೆ ಯಾರೂ ತೆರೆದಿರಬಾರದು.

ಪ್ರೋಗ್ರಾಮಿನೊಳಗೇ ಪಾಸ್‌ವರ್ಡ್ ಬರೆದಿಟ್ಟರೆ? ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ! ಪ್ರೋಗ್ರಾಂ ಕೇಳಬೇಕು, ಮನುಷ್ಯ ಒತ್ತಬೇಕು, ಅದೇ ಸರಿ.

ಹಳೆಯ ಎಂಡಿಬಿ ಫೈಲಿನ ಬೀಗ ಸಡಿಲು. ಆಕ್ಸೆಸ್ 2007ರಿಂದ ಬಂದ ಎಸಿಸಿಡಿಬಿ ಫೈಲು ಲೆಕ್ಕವನ್ನೇ ಗುಪ್ತವಾಗಿಸುತ್ತದೆ, ಬೀಗ ಗಟ್ಟಿ. ಆದರೆ ಮರೆತರೆ ಲೆಕ್ಕವೂ ಹೋದಂತೆಯೇ. ಜಗತ್ತು ಮರೆತಿದ್ದ ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿಕೊಟ್ಟ. ನಿಮ್ಮ ಪಾಸ್‌ವರ್ಡಿಗೆ ಅಂಥವನು ಸಿಗಲಿಕ್ಕಿಲ್ಲ.

ಬ್ಯಾಂಕಿನ ಖಜಾನೆಗೆ ಎರಡು ಕೀಲಿಕೈ, ಇಬ್ಬರ ಬಳಿ. ಅಜ್ಜ-ಅಜ್ಜಿಯರೇ, ನೀವೂ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ತಿಜೋರಿಯಲ್ಲಿಡಿ. ಅದು ಎಲ್ಲಿದೆಯೆಂದು ಮನೆಯ ಒಬ್ಬರಿಗಾದರೂ ಹೇಳಿಡಿ. ಲೆಕ್ಕ ಬರೆದವರು ಇಲ್ಲದ ದಿನವೂ ಲೆಕ್ಕ ಉಳಿಯಬೇಕಲ್ಲವೇ?